ಮನೆಯಲ್ಲಿ ಇಂಗ್ಲಿಷ್ ಖರ್ಜೂರ–ಅಕ್ರೋಟು ಕೇಕ್: ಹದ ತಪ್ಪದಂತೆ ಬೇಯಿಸುವ ಕ್ರಮ

ಖರ್ಜೂರ ಮತ್ತು ಅಕ್ರೋಟು ಹಾಕಿದ ಇಂಗ್ಲಿಷ್ ಕೇಕಿನ ಬಗ್ಗೆ ಓದುಗರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಬಗೆಯವು. ಓವನ್ನಿನೊಳಗೆ ಚೆನ್ನಾಗಿ ಉಬ್ಬಿದ್ದ ಕೇಕು ಹೊರಗೆ ತೆಗೆದ ಮೇಲೆ ನಡುವೆ ಕುಸಿಯುವುದೇಕೆ, ತಳದಲ್ಲಿ ಅಂಟಂಟಾದ ಹಸಿ ಪಟ್ಟಿಯೊಂದು ಉಳಿಯುವುದೇಕೆ, ಸೋಪಿನಂಥ ಕಹಿ ಎಲ್ಲಿಂದ ಬಂತು ಎಂಬವೇ ಮತ್ತೆ ಮತ್ತೆ ಬರುತ್ತವೆ. ಈ ಮೂರರ ಬೇರೂ ಬಹುಮಟ್ಟಿಗೆ ಖರ್ಜೂರವನ್ನು ನೆನೆಸುವ ಹಂತದಲ್ಲಿದೆ. ಆದ್ದರಿಂದ ಈ ಲೇಖನದಲ್ಲಿ ಆ ಹಂತಕ್ಕೆ ಹೆಚ್ಚು ಜಾಗ ಕೊಟ್ಟಿದ್ದೇನೆ. ಸುಲಭವಾದ ಹಂತಗಳನ್ನು ಬೇಗ ದಾಟಿದ್ದೇನೆ.

ಮೊದಲು ಇದು ಯಾವ ಜಾತಿಯ ಕೇಕು ಎಂಬುದು ಸ್ಪಷ್ಟವಾಗಲಿ. ಇಂಗ್ಲೆಂಡಿನಲ್ಲಿ ಇದು ‘ಟೀ ಲೋಫ್’ಗಳ ಗುಂಪಿಗೆ ಸೇರುತ್ತದೆ. ಬ್ರೆಡ್ಡಿನ ಆಕಾರದ ಉದ್ದನೆಯ ಟಿನ್ನಿನಲ್ಲಿ ಬೇಯಿಸಿ, ಹೋಳು ಕತ್ತರಿಸಿ, ಮೇಲೆ ಬೆಣ್ಣೆ ಸವರಿ, ಸಂಜೆಯ ಚಹಾದೊಂದಿಗೆ ತಿನ್ನುವ ಕೇಕುಗಳಿಗೆ ಈ ಹೆಸರು. ಯಾರ್ಕ್‌ಷೈರಿನ ಒಣದ್ರಾಕ್ಷಿಯ ಟೀ ಲೋಫ್, ನೆರೆಯ ವೇಲ್ಸಿನ ಬಾರಾ ಬ್ರಿತ್ ಇದೇ ಬಳಗದವು. ಕ್ರೀಮಿನ ಅಲಂಕಾರವಾಗಲಿ ಸಕ್ಕರೆಯ ಲೇಪವಾಗಲಿ ಇದಕ್ಕೆ ಬೇಡ. ಎರಡನೆಯ ಮಹಾಯುದ್ಧದ ಸಮಯದಲ್ಲಿ, 1940ರ ಜನವರಿ 8ರಂದು ಬ್ರಿಟನ್ನಿನಲ್ಲಿ ಆರಂಭವಾದ ಆಹಾರ ಪಡಿತರ 1954ರ ಜುಲೈ 4ರವರೆಗೆ ಮುಂದುವರಿಯಿತು. ಆ ವರ್ಷಗಳಲ್ಲಿ ವಯಸ್ಕರೊಬ್ಬರಿಗೆ ವಾರಕ್ಕೆ ಸಿಗುತ್ತಿದ್ದದ್ದು ಸುಮಾರು 50 ಗ್ರಾಂ ಬೆಣ್ಣೆ, ಸುಮಾರು 225 ಗ್ರಾಂ ಸಕ್ಕರೆ, ಸಿಕ್ಕರೆ ಒಂದು ಮೊಟ್ಟೆ. ಸಿಹಿಯ ದೊಡ್ಡ ಪಾಲನ್ನೂ ತೇವವನ್ನೂ ಹಣ್ಣಿನಿಂದಲೇ ಪಡೆಯುವ ಕೇಕು ಅಂಥ ಅಡುಗೆಮನೆಗೆ ಎಷ್ಟು ಒಗ್ಗುತ್ತಿತ್ತೆಂದು ಊಹಿಸುವುದು ಕಷ್ಟವಲ್ಲ. ನಮಗೆ ಇಲ್ಲಿ ಮುಖ್ಯವಾದದ್ದು ಇಷ್ಟು: ಇದು ಗಾಳಿ ತುಂಬಿಕೊಂಡು ಹಗುರವಾಗುವ ಸ್ಪಂಜ್ ಕೇಕು ಅಲ್ಲ. ಸ್ಪಂಜಿಗೆ ಮಾಡುವ ಉಪಚಾರವನ್ನು ಇದಕ್ಕೆ ಮಾಡಿದರೆ ಕೆಡುತ್ತದೆ.

ಬೇಕಾಗುವ ಸಾಮಗ್ರಿ

ಈ ಅಳತೆ 23 ಸೆಂ.ಮೀ. ಉದ್ದ, 13 ಸೆಂ.ಮೀ. ಅಗಲ, 7 ಸೆಂ.ಮೀ. ಎತ್ತರದ ಒಂದು ಲೋಫ್ ಟಿನ್ನಿಗೆ ಸರಿಹೊಂದುತ್ತದೆ. ಇಂಗ್ಲಿಷರು ಇದನ್ನು ಎರಡು ಪೌಂಡಿನ ಟಿನ್ ಎನ್ನುತ್ತಾರೆ.

ಬೀಜ ತೆಗೆದ ಮೆತ್ತನೆಯ ಖರ್ಜೂರ – 225 ಗ್ರಾಂ
ಕುದಿಯುವ ನೀರು – 200 ಮಿ.ಲೀ.
ಅಡುಗೆ ಸೋಡಾ – 1 ಟೀ ಚಮಚ, ಮಟ್ಟಸವಾಗಿ
ಮೈದಾ – 225 ಗ್ರಾಂ
ಬೇಕಿಂಗ್ ಪೌಡರ್ – 1 ಟೀ ಚಮಚ, ಮಟ್ಟಸವಾಗಿ
ಬೆಣ್ಣೆ – 85 ಗ್ರಾಂ
ಬ್ರೌನ್ ಶುಗರ್ – 150 ಗ್ರಾಂ
ಮೊಟ್ಟೆ – 2
ಅಕ್ರೋಟು – 75 ಗ್ರಾಂ
ದಾಲ್ಚಿನ್ನಿ ಪುಡಿ – ಅರ್ಧ ಟೀ ಚಮಚ. ಜಾಯಿಕಾಯಿ – ಒಂದು ಚಿಟಿಕೆ
ಉಪ್ಪು – ಕಾಲು ಟೀ ಚಮಚ (ಬೆಣ್ಣೆ ಉಪ್ಪಿನದಾದರೆ ಬೇಡ)

ಟೀ ಚಮಚ ಎಂದರೆ 5 ಮಿ.ಲೀ. ಹಿಡಿಯುವ ಅಳತೆ ಚಮಚ. ಮನೆಯ ಚಮಚಗಳು ಒಂದೊಂದು ಗಾತ್ರದಲ್ಲಿರುವುದರಿಂದ, ಉಳಿದೆಲ್ಲದರಲ್ಲಿ ಕಣ್ಣಂದಾಜು ನಡೆದೀತಾದರೂ ಸೋಡಾದ ವಿಷಯದಲ್ಲಿ ಮಾತ್ರ ನಡೆಯದು. ಅಳತೆ ಚಮಚಗಳ ಒಂದು ಸೆಟ್ ಮತ್ತು ಒಂದು ಸಣ್ಣ ತೂಕದ ಯಂತ್ರ ಇಲ್ಲದೆ ಕೇಕಿಗೆ ಕೈಹಾಕಬೇಡಿ ಎಂಬುದು ನನ್ನ ಖಚಿತ ಸಲಹೆ.

ಸಾಮಗ್ರಿಗಳ ಬಗ್ಗೆ ಕೆಲವು ಮಾತು. ಖರ್ಜೂರ ಕೊಳ್ಳುವಾಗ ಬೆರಳಿನಿಂದ ಒತ್ತಿದರೆ ತಗ್ಗುವಂಥದ್ದನ್ನು ಆರಿಸಿಕೊಳ್ಳಿ. ಬ್ರಿಟನ್ನಿನ ಅಂಗಡಿಗಳಲ್ಲಿ ಬೀಜ ತೆಗೆದು ಇಟ್ಟಿಗೆಯಂತೆ ಒತ್ತಿದ ಖರ್ಜೂರದ ಗಟ್ಟಿಗಳನ್ನು ಅಡುಗೆಗೆಂದೇ ಮಾರುತ್ತಾರೆ. ನಮ್ಮಲ್ಲಿ ಸಿಗುವ ಬೀಜರಹಿತ ಖರ್ಜೂರದ ಅಗ್ಗದ ಪ್ಯಾಕೆಟ್ಟು ಅದೇ ಕೆಲಸಕ್ಕೆ ಸಾಕು. ದುಬಾರಿ ಮೆಡ್ಜೂಲ್ ಖರ್ಜೂರವನ್ನು ಹಾಗೆಯೇ ತಿನ್ನಲು ಇಟ್ಟುಕೊಳ್ಳಿ, ಕೇಕಿನಲ್ಲಿ ಅದರ ಹಿರಿಮೆ ತಿಳಿಯುವುದಿಲ್ಲ. ಉತ್ತತ್ತಿಯನ್ನು, ಅಂದರೆ ಗಟ್ಟಿಯಾದ ಒಣ ಖರ್ಜೂರವನ್ನು, ಈ ಅಳತೆಯಲ್ಲಿ ಬಳಸಲಾಗದು. ಇಷ್ಟು ನೀರಿಗೆ ಅದು ಮೆತ್ತಗಾಗುವುದಿಲ್ಲ. ‘ಬೀಜ ತೆಗೆದದ್ದು’ ಎಂದು ಬರೆದಿದ್ದರೂ ಪ್ರತಿ ಹಣ್ಣನ್ನೂ ಸೀಳಿ ನೋಡಿ. ಒಳಗೆ ಉಳಿದ ಒಂದು ಬೀಜ ಹಲ್ಲು ಮುರಿಯಬಲ್ಲದು.

ಅಕ್ರೋಟನ್ನು ಹಾಕುವ ಮೊದಲು ಒಂದು ತುಂಡು ಬಾಯಿಗೆ ಹಾಕಿಕೊಳ್ಳಿ. ಅದರಲ್ಲಿರುವ ಎಣ್ಣೆ ಬೆಚ್ಚನೆಯ ಹವೆಯಲ್ಲಿ ಬೇಗ ಕಮಟುತ್ತದೆ, ಮತ್ತು ಕಮಟು ಹಿಡಿದ ನಾಲ್ಕು ತುಂಡು ಇಡೀ ಕೇಕನ್ನು ಕೆಡಿಸುತ್ತದೆ. ತಾಜಾ ಅಕ್ರೋಟಿನ ಸಿಪ್ಪೆಯಲ್ಲಿ ಸಣ್ಣ ಒಗರು ಇರುತ್ತದೆ, ಅದು ದೋಷವಲ್ಲ. ಹಳೆಯ ಎಣ್ಣೆಯ ವಾಸನೆ ಬಂದರೆ ಮಾತ್ರ ಬಿಸಾಡಿ. ಉಳಿದದ್ದನ್ನು ಫ್ರಿಜ್ಜಿನಲ್ಲಿಡಿ.

ಇಂಗ್ಲಿಷ್ ಪಾಕವಿಧಾನಗಳನ್ನು ನೋಡಿ ಮಾಡುವವರಿಗೆ ಎದುರಾಗುವ ಗೊಂದಲ ‘ಸೆಲ್ಫ್ ರೇಸಿಂಗ್’ ಹಿಟ್ಟಿನದು. ಉಬ್ಬಿಸುವ ಪುಡಿಯನ್ನು ಮೊದಲೇ ಬೆರೆಸಿ ಮಾರುವ ಹಿಟ್ಟು ಇದು. ಬ್ರಿಸ್ಟಲ್ ನಗರದ ಹೆನ್ರಿ ಜೋನ್ಸ್ 1845ರಲ್ಲಿ ಇದಕ್ಕೆ ಪೇಟೆಂಟ್ ಪಡೆದ ಮೇಲೆ ಇಂಗ್ಲಿಷ್ ಮನೆಗಳಲ್ಲಿ ಇದು ನೆಲೆಯೂರಿತು. ಅಲ್ಲಿನ ಪಾಕವಿಧಾನದಲ್ಲಿ ಈ ಹಿಟ್ಟನ್ನು ಹೇಳಿದ್ದು, ನೀವು ಬರಿಯ ಮೈದಾ ಹಾಕಿದರೆ ಕೇಕು ಏಳುವುದಿಲ್ಲ. ಮೇಲಿನ ಪಟ್ಟಿಯಲ್ಲಿ ಬೇಕಿಂಗ್ ಪೌಡರನ್ನು ಬೇರೆಯಾಗಿ ಕೊಟ್ಟಿರುವುದರಿಂದ ಸಾಮಾನ್ಯ ಮೈದಾವೇ ಸರಿ. ಮೊಟ್ಟೆಯ ಲೆಕ್ಕವೂ ಹೀಗೆಯೇ. ಬ್ರಿಟನ್ನಿನಲ್ಲಿ ‘ಲಾರ್ಜ್’ ಎಂದು ಮಾರುವ ಮೊಟ್ಟೆ ಚಿಪ್ಪು ಸಮೇತ 63ರಿಂದ 73 ಗ್ರಾಂ ತೂಗುತ್ತದೆ. ನಮ್ಮ ಅಂಗಡಿಯ ಮೊಟ್ಟೆ ಸಾಮಾನ್ಯವಾಗಿ ಅದಕ್ಕಿಂತ ಸಾಕಷ್ಟು ಚಿಕ್ಕದು. ಇಲ್ಲಿ ಹೇಳಿದ ಎರಡು ಮೊಟ್ಟೆ ನಮ್ಮ ಗಾತ್ರದವು. ಒಡೆದ ಮೇಲೆ ಎರಡೂ ಸೇರಿ 90 ಗ್ರಾಂ ಆಸುಪಾಸು ಇರಬೇಕು.

ಬ್ರೌನ್ ಶುಗರ್ ಇಲ್ಲದಿದ್ದರೆ ಬೆಲ್ಲದ ಪುಡಿಯನ್ನು ಜರಡಿ ಹಿಡಿದು ಅಷ್ಟೇ ತೂಕ ಹಾಕಬಹುದು. ಜೋನಿ ಬೆಲ್ಲ ಬೇಡ, ನೀರಿನಂಶ ಹೆಚ್ಚಾಗುತ್ತದೆ. ಏಲಕ್ಕಿಯನ್ನು ಹಾಕಬಹುದೇ ಎಂದು ಅನೇಕರು ಕೇಳುತ್ತಾರೆ. ಹಾಕಿದರೆ ಕೇಕು ಕೆಡುವುದಿಲ್ಲ, ಆದರೆ ಏಲಕ್ಕಿಯ ಪರಿಮಳ ಎಲ್ಲವನ್ನೂ ಮುಚ್ಚಿಹಾಕುತ್ತದೆ. ಈ ಕೇಕಿನಲ್ಲಿ ಮೇಲೆದ್ದು ಕಾಣಬೇಕಾದದ್ದು ಖರ್ಜೂರದ ಕಂದು ಸಿಹಿ.

ಹಂತ 1: ಖರ್ಜೂರವನ್ನು ನೆನೆಸುವುದು

ಖರ್ಜೂರವನ್ನು ಕಡಲೆಕಾಳಿನ ಗಾತ್ರಕ್ಕೆ ಹೆಚ್ಚಿಕೊಳ್ಳಿ. ಚಾಕುವಿಗೆ ಅಂಟುತ್ತಿದ್ದರೆ ಆಗಾಗ ಬಿಸಿನೀರಿನಲ್ಲಿ ಅದ್ದಿ ಒರೆಸಿ. ಹೆಚ್ಚಿದ್ದನ್ನು ಸ್ಟೀಲ್ ಅಥವಾ ಗಾಜಿನ ಅಗಲ ಬಟ್ಟಲಿಗೆ ಹಾಕಿ, ಮೇಲೆ ಅಡುಗೆ ಸೋಡಾವನ್ನು ಉದುರಿಸಿ, ಕುದಿಯುತ್ತಿರುವ ನೀರನ್ನು ಸುರಿದು ಒಮ್ಮೆ ಕಲಕಿ. ಕೂಡಲೇ ನೊರೆ ಬುಸುಗುಟ್ಟಿ ಮೇಲೇಳುತ್ತದೆ. ಆದ್ದರಿಂದ ಬಟ್ಟಲು ಅರ್ಧಕ್ಕಿಂತ ಹೆಚ್ಚು ತುಂಬಿರಬಾರದು. ನಿಮಿಷದೊಳಗೆ ನೊರೆ ತಗ್ಗಿ, ನೀರು ಕಡು ಕಂದು ಬಣ್ಣಕ್ಕೆ ತಿರುಗಿ, ತುಂಡುಗಳ ಅಂಚು ಮಸುಕಾಗಿ ಕರಗತೊಡಗುವುದು ಕಾಣುತ್ತದೆ. ಅಲ್ಯೂಮಿನಿಯಂ ಪಾತ್ರೆಯನ್ನು ಬಳಸಬೇಡಿ, ಬಿಸಿ ಸೋಡಾ ನೀರು ಆ ಲೋಹದೊಂದಿಗೆ ವರ್ತಿಸುತ್ತದೆ.

ಇಲ್ಲಿ ಸೋಡಾ ಮೂರು ಕೆಲಸ ಮಾಡುತ್ತಿದೆ. ಸೋಡಾ ಕ್ಷಾರವಾದ್ದರಿಂದ ಖರ್ಜೂರದ ಗಟ್ಟಿ ಸಿಪ್ಪೆಯನ್ನು ಹಿಡಿದಿಟ್ಟಿರುವ ಪೆಕ್ಟಿನ್ ಎಂಬ ಅಂಟನ್ನು ಸಡಿಲಿಸುತ್ತದೆ, ಹಾಗಾಗಿ ಸಿಪ್ಪೆ ಬಾಯಿಗೆ ತೊಗಲಿನಂತೆ ಸಿಗುವುದಿಲ್ಲ. ಹಿಟ್ಟಿನಲ್ಲಿ ಬೆರೆತ ಮೇಲೆ ಕೇಕಿನ ಬಣ್ಣವನ್ನು ಗಾಢಗೊಳಿಸುತ್ತದೆ, ಏಕೆಂದರೆ ಕ್ಷಾರ ಇರುವಲ್ಲಿ ಸಕ್ಕರೆ ಮತ್ತು ಪ್ರೋಟೀನು ಕಾದು ಕೆಂಪಗಾಗುವ ಕ್ರಿಯೆ ಚುರುಕಾಗುತ್ತದೆ. ಇನ್ನುಳಿದ ಶಕ್ತಿಯಿಂದ ಕೇಕನ್ನು ಸ್ವಲ್ಪ ಎಬ್ಬಿಸುತ್ತದೆ. ನೊರೆಯಲ್ಲಿ ಒಂದಷ್ಟು ಅನಿಲ ಆಗಲೇ ಹೋಗಿರುವುದರಿಂದ, ಎಬ್ಬಿಸುವ ಹೊಣೆಯನ್ನು ಸೋಡಾ ಒಂದಕ್ಕೇ ಬಿಡದೆ ಬೇಕಿಂಗ್ ಪೌಡರನ್ನೂ ಸೇರಿಸುತ್ತೇವೆ. ಅಡುಗೆ ಸೋಡಾ ಬರಿಯ ಕ್ಷಾರ. ಬೇಕಿಂಗ್ ಪೌಡರಿನಲ್ಲಿ ಕ್ಷಾರದ ಜೊತೆಗೆ ಒಣ ಆಮ್ಲವೂ ಬೆರೆತಿರುತ್ತದೆ. ಒಂದರ ಬದಲು ಇನ್ನೊಂದನ್ನು ಹಾಕುವುದು ಇಲ್ಲಿ ನಡೆಯುವುದಿಲ್ಲ. ನೆನೆಸುವ ನೀರಿಗೆ ಬೇಕಿಂಗ್ ಪೌಡರ್ ಹಾಕಿದರೆ ಸಿಪ್ಪೆ ಮೆತ್ತಗಾಗದು. ಸೋಡಾವನ್ನು ಗೋಪುರದಂತೆ ತುಂಬಿದ ಚಮಚದಲ್ಲಿ ಹಾಕಿದರೆ ಅದೇ ಆ ಸೋಪಿನ ರುಚಿ.

ಈಗ ಕಾಯಬೇಕು. ಮಿಶ್ರಣವನ್ನು ಮುಚ್ಚದೆ ಬಿಟ್ಟು, ಬೆರಳು ಅದ್ದಿದರೆ ಉಗುರುಬೆಚ್ಚಗೆ ಎನಿಸುವವರೆಗೆ ಆರಿಸಿ. ಇದಕ್ಕೆ ಅರ್ಧ ಗಂಟೆಯಾದರೂ ಹಿಡಿಯುತ್ತದೆ, ಬೇಸಿಗೆಯಲ್ಲಿ ಇನ್ನೂ ಹೆಚ್ಚು. ಅವಸರದಿಂದ ಬಿಸಿ ಇರುವಾಗಲೇ ಹಿಟ್ಟಿಗೆ ಸುರಿದರೆ ಬೆಣ್ಣೆ ಕರಗಿ ಬೇರ್ಪಡುತ್ತದೆ, ಮೊಟ್ಟೆ ಅಲ್ಲಲ್ಲಿ ಬೆಂದು ಗಂಟಾಗುತ್ತದೆ, ಬೇಕಿಂಗ್ ಪೌಡರು ಓವನ್ ಸೇರುವ ಮೊದಲೇ ತನ್ನ ಬಲವನ್ನು ಕಳೆದುಕೊಳ್ಳುತ್ತದೆ. ಆರಿದ ಮೇಲೆ ಫೋರ್ಕಿನಿಂದ ಮಿಶ್ರಣದ ಅರ್ಧದಷ್ಟನ್ನು ಹಿಸುಕಿ, ಉಳಿದರ್ಧ ತುಂಡುಗಳಾಗಿಯೇ ಇರಲಿ. ಮಿಕ್ಸಿಗೆ ಹಾಕಿ ನುಣ್ಣಗೆ ರುಬ್ಬಬೇಡಿ. ಹಾಗೆ ಮಾಡಿದ ಕೇಕು ಒತ್ತಾಗಿ, ತಳದಲ್ಲಿ ಅಂಟು ಪಟ್ಟಿ ಕಟ್ಟುವ ಸಾಧ್ಯತೆ ಹೆಚ್ಚು. ನೀರು ತೇಲುತ್ತಿದೆ ಎಂದು ಬಸಿಯಲೂ ಬೇಡಿ. ಕೇಕಿಗೆ ಬೇಕಾದ ದ್ರವವೆಲ್ಲ ಅದರಲ್ಲೇ ಇದೆ.

ನೀರಿನ ಬದಲು ಅಷ್ಟೇ ಅಳತೆಯ ಹಾಲಿಲ್ಲದ ಕಡುಚಹಾ ಬಳಸುವ ರೂಢಿಯೂ ಟೀ ಲೋಫ್‌ಗಳಲ್ಲಿದೆ. ಸಣ್ಣ ಒಗರು ಸೇರಿ ಸಿಹಿ ಹದವಾಗುತ್ತದೆ.

ಹಂತ 2: ಟಿನ್ ಮತ್ತು ಓವನ್

ಖರ್ಜೂರ ಆರುತ್ತಿರುವಾಗ ಟಿನ್ನಿಗೆ ಬೆಣ್ಣೆ ಸವರಿ, ತಳ ಮತ್ತು ಎರಡು ಉದ್ದ ಬದಿಗಳನ್ನು ಮುಚ್ಚುವಂತೆ ಬೇಕಿಂಗ್ ಕಾಗದ ಹಾಸಿ. ಕಾಗದದ ಅಂಚು ಟಿನ್ನಿನಿಂದ ಎರಡು ಬೆರಳು ಮೇಲಕ್ಕಿರಲಿ, ಬೆಂದ ಕೇಕನ್ನು ಅದನ್ನೇ ಹಿಡಿದು ಎತ್ತಬಹುದು. ಬಟರ್ ಪೇಪರ್ ಹೆಸರಿನಲ್ಲಿ ಸಿಗುವ ಕಾಗದಗಳಲ್ಲಿ ಕೆಲವು ಸುತ್ತಿಡಲು ಮಾತ್ರ ಆಗುವಂಥವು. ಕಟ್ಟಿನ ಮೇಲೆ ಓವನ್ನಿಗೆ ತಕ್ಕದ್ದೆಂದು ಬರೆದಿದೆಯೇ ನೋಡಿ. ಈ ಕೇಕಿನಲ್ಲಿ ಹಣ್ಣಿನ ಸಕ್ಕರೆ ಹೆಚ್ಚಿರುವುದರಿಂದ ಕಾಗದವಿಲ್ಲದ ಟಿನ್ನಿಗೆ ಅದು ಬಲವಾಗಿ ಅಂಟುತ್ತದೆ.

ಓವನ್ನನ್ನು 170 ಡಿಗ್ರಿ ಸೆಲ್ಸಿಯಸ್‌ಗೆ ಕಾಯಲು ಇಡಿ. ಬಿಸಿಗಾಳಿಯ ಫ್ಯಾನ್ ಇರುವ ಓವನ್ನಾದರೆ 150 ಸಾಕು. ಓಟಿಜಿಯಲ್ಲಿ, ಅಂದರೆ ಮನೆಗಳಲ್ಲಿ ಬಳಸುವ ಸಣ್ಣ ವಿದ್ಯುತ್ ಓವನ್ನಿನಲ್ಲಿ, ಮೇಲಿನ ಮತ್ತು ಕೆಳಗಿನ ಎರಡೂ ಕಾಯಿಲ್‌ಗಳು ಉರಿಯಲಿ, ಜಾಲರಿ ನಡುವಿಗಿಂತ ಒಂದು ಮೆಟ್ಟಿಲು ಕೆಳಗಿರಲಿ. ಸಣ್ಣ ಓಟಿಜಿಗಳ ಗುಂಡಿ ತೋರಿಸುವ ಶಾಖಕ್ಕೂ ಒಳಗಿನ ಶಾಖಕ್ಕೂ ಎಷ್ಟೋ ಸಲ ತಾಳೆಯಾಗುವುದಿಲ್ಲವಾದ್ದರಿಂದ, ಒಳಗೆ ನೇತುಹಾಕುವ ಒಂದು ಥರ್ಮಾಮೀಟರ್ ಕೊಂಡರೆ ಅದರ ಬೆಲೆ ಬೇಗ ತೀರುತ್ತದೆ.

ಹಂತ 3: ಬೆಣ್ಣೆಯನ್ನು ಹಿಟ್ಟಿಗೆ ಉಜ್ಜುವುದು

ಬೆಣ್ಣೆ ಮತ್ತು ಸಕ್ಕರೆಯನ್ನು ನೊರೆ ಬರುವಂತೆ ಕಡೆಯುವ ಕ್ರಮ ನಿಮಗೆ ಅಭ್ಯಾಸವಿರಬಹುದು. ಅದರಿಂದಲೂ ಈ ಕೇಕು ಆಗುತ್ತದೆ. ಆದರೆ ಹಲವು ಇಂಗ್ಲಿಷ್ ಮನೆಗಳಲ್ಲಿ ಟೀ ಲೋಫ್‌ಗೆ ಬಳಸುವ ‘ರಬ್ಬಿಂಗ್ ಇನ್’ ಕ್ರಮವನ್ನು, ಅಂದರೆ ತಣ್ಣನೆಯ ಬೆಣ್ಣೆಯನ್ನು ಒಣ ಹಿಟ್ಟಿಗೆ ಬೆರಳತುದಿಯಿಂದ ಉಜ್ಜಿ ಸೇರಿಸುವುದನ್ನು, ನಾನು ಮೇಲೆಂದು ಎಣಿಸುತ್ತೇನೆ. ಯಂತ್ರ ಬೇಡ, ಹಿಟ್ಟಿನ ಕಣಗಳಿಗೆ ಜಿಡ್ಡು ಮೊದಲೇ ಹತ್ತುವುದರಿಂದ ಕೇಕು ಮೃದುವಾಗುತ್ತದೆ, ಹೋಳು ಕತ್ತರಿಸುವಾಗ ಪುಡಿಯಾಗುವುದಿಲ್ಲ.

ಮೈದಾ, ಬೇಕಿಂಗ್ ಪೌಡರ್, ದಾಲ್ಚಿನ್ನಿ, ಜಾಯಿಕಾಯಿ, ಬೇಕಿದ್ದರೆ ಉಪ್ಪು ಇವನ್ನು ಒಟ್ಟಿಗೆ ಜರಡಿ ಹಿಡಿಯಿರಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಬೆಣ್ಣೆಯನ್ನು ಸಣ್ಣ ಘನಗಳಾಗಿ ಕತ್ತರಿಸಿ ಹಾಕಿ, ಹೆಬ್ಬೆರಳು ಮತ್ತು ಉಳಿದ ಬೆರಳುಗಳ ತುದಿಯ ನಡುವೆ ತಿಕ್ಕುತ್ತ, ಹಿಟ್ಟನ್ನು ಎತ್ತಿ ಎತ್ತಿ ಬಿಡುತ್ತ ಹೋಗಿ. ಅಂಗೈ ತಾಗಬಾರದು, ಅಂಗೈಯ ಬಿಸಿಗೆ ಬೆಣ್ಣೆ ಕರಗಿ ಹಿಟ್ಟು ಪೇಸ್ಟ್ ಆಗುತ್ತದೆ. ಐದಾರು ನಿಮಿಷದಲ್ಲಿ ಇಡೀ ಹಿಟ್ಟು ಬಾಂಬೆ ರವೆಯ ಹದದ ಹರಳುಗಳಾಗುತ್ತದೆ. ಬಟ್ಟಲನ್ನು ಅಲುಗಾಡಿಸಿದರೆ ಮೇಲೆ ಬೆಣ್ಣೆಯ ದೊಡ್ಡ ಚೂರುಗಳು ಬರಬಾರದು. ಏಪ್ರಿಲ್ ತಿಂಗಳ ಸೆಕೆಯಲ್ಲಿ ರಾಯಚೂರಿನಲ್ಲೋ ಮಂಗಳೂರಿನಲ್ಲೋ ಮಾಡುವವರು ಬಟ್ಟಲನ್ನೂ ಹಿಟ್ಟನ್ನೂ ಕಾಲು ಗಂಟೆ ಫ್ರಿಜ್ಜಿನಲ್ಲಿಟ್ಟು, ಬೆಣ್ಣೆಯನ್ನು ತುರಿದು ಹಾಕಿದರೆ ಕೆಲಸ ಸುಲಭವಾಗುತ್ತದೆ.

ಇದಕ್ಕೆ ಸಕ್ಕರೆಯನ್ನೂ, ಕೈಯಲ್ಲಿ ಒರಟಾಗಿ ಮುರಿದ ಅಕ್ರೋಟನ್ನೂ ಬೆರೆಸಿ. ಏಳೆಂಟು ಒಳ್ಳೆಯ ತುಂಡುಗಳನ್ನು ಮೇಲಿಡಲು ತೆಗೆದಿರಿಸಿ.

ಹಂತ 4: ಕಲಸುವುದು

ಮೊಟ್ಟೆಗಳನ್ನು ಬೇರೆ ಬಟ್ಟಲಲ್ಲಿ ಫೋರ್ಕಿನಿಂದ ಕಲಕಿ, ಆರಿದ ಖರ್ಜೂರದ ಮಿಶ್ರಣಕ್ಕೆ ಸೇರಿಸಿ. ಒಣ ಮಿಶ್ರಣದ ನಡುವೆ ಗುಂಡಿ ಮಾಡಿ ಇದನ್ನೆಲ್ಲ ಒಮ್ಮೆಗೇ ಸುರಿದು, ಮರದ ಸೌಟಿನಿಂದ ತಳದಿಂದ ಮೇಲಕ್ಕೆ ಮಗುಚುತ್ತ ಕಲಸಿ. ಒಣ ಹಿಟ್ಟು ಕಾಣದಾದ ಕ್ಷಣವೇ ಕೈ ನಿಲ್ಲಿಸಿ. ಸಣ್ಣಪುಟ್ಟ ಗಂಟು ಉಳಿದರೆ ಉಳಿಯಲಿ. ಚೆನ್ನಾಗಿ ಕಲಸಿದಷ್ಟೂ ಒಳ್ಳೆಯದು ಎಂಬ ಭಾವನೆಯಿಂದ ತಿರುಗಿಸುತ್ತ ಹೋದರೆ ಮೈದಾದಲ್ಲಿರುವ ಗ್ಲುಟೆನ್, ಎಂದರೆ ಹಿಟ್ಟಿಗೆ ಜಿಗುಟು ಕೊಡುವ ಪ್ರೋಟೀನು, ಎಳೆಯಾಗಿ ಕಟ್ಟಿಕೊಂಡು ಕೇಕು ರಬ್ಬರಿನಂತಾಗುತ್ತದೆ, ಕತ್ತರಿಸಿದಾಗ ಒಳಗೆ ಉದ್ದುದ್ದ ಸುರಂಗಗಳು ಕಾಣುತ್ತವೆ.

ಸರಿಯಾದ ಮಿಶ್ರಣ ಇಡ್ಲಿ ಹಿಟ್ಟಿಗಿಂತ ಗಟ್ಟಿ, ವಡೆ ಹಿಟ್ಟಿಗಿಂತ ಸಡಿಲ; ಸೌಟನ್ನು ಎತ್ತಿ ಕೊಡವಿದರೆ ದೊಪ್ಪನೆ ಬೀಳಬೇಕು. ತೀರಾ ಗಟ್ಟಿ ಎನಿಸಿದರೆ ಒಂದೆರಡು ಟೇಬಲ್ ಚಮಚ ಹಾಲು ಹಾಕಬಹುದು. ಸಡಿಲವಾಯಿತೆಂದು ಮಾತ್ರ ಮೈದಾ ಸೇರಿಸಲು ಹೋಗಬೇಡಿ, ಸ್ವಲ್ಪ ಹೆಚ್ಚು ಹೊತ್ತು ಬೇಯಿಸುವುದೇ ಅದಕ್ಕೆ ದಾರಿ.

ಕಲಸಿದ ಮಿಶ್ರಣವನ್ನು ತಡಮಾಡದೆ ಟಿನ್ನಿಗೆ ಹಾಕಿ. ಟಿನ್ ಮುಕ್ಕಾಲು ಭಾಗಕ್ಕಿಂತ ಹೆಚ್ಚು ತುಂಬಬಾರದು. ನಿಮ್ಮ ಟಿನ್ ಚಿಕ್ಕದಾದರೆ ಉಳಿದದ್ದನ್ನು ಕಪ್ ಕೇಕಿನ ಅಚ್ಚುಗಳಿಗೆ ಸುರಿಯಿರಿ. ಮೇಲ್ಮೈಯನ್ನು ಸಮ ಮಾಡಿ, ತೆಗೆದಿಟ್ಟ ಅಕ್ರೋಟನ್ನು ಮೇಲಿಡಿ.

ಹಂತ 5: ಬೇಯಿಸುವುದು

ಒಟ್ಟು 55ರಿಂದ 65 ನಿಮಿಷ ಬೇಕು. ಮೊದಲ 40 ನಿಮಿಷ ಓವನ್ನಿನ ಬಾಗಿಲನ್ನು ಯಾವ ಕಾರಣಕ್ಕೂ ತೆರೆಯಬೇಡಿ. ಆ ಹೊತ್ತಿನಲ್ಲಿ ಕೇಕು ಅನಿಲದ ಬಲದಿಂದ ಮೇಲೆದ್ದಿರುತ್ತದೆಯೇ ಹೊರತು ಅದರ ಗೋಡೆಗಳು ಇನ್ನೂ ಗಟ್ಟಿಯಾಗಿರುವುದಿಲ್ಲ. ತಣ್ಣನೆಯ ಗಾಳಿ ನುಗ್ಗಿದರೆ ನಡುಭಾಗ ಕುಸಿಯುತ್ತದೆ, ಕುಸಿದದ್ದು ಮತ್ತೆ ಏಳುವುದಿಲ್ಲ. 40 ನಿಮಿಷದ ಬಳಿಕ ಮೇಲ್ಭಾಗ ವಿಪರೀತ ಕಪ್ಪಾಗುತ್ತಿದ್ದರೆ ಅಲ್ಯೂಮಿನಿಯಂ ಫಾಯಿಲ್ ಹಾಳೆಯೊಂದನ್ನು ಸಡಿಲವಾಗಿ ಹೊದಿಸಿ. ಮೇಲೆ ಉದ್ದಕ್ಕೆ ಒಂದು ಬಿರುಕು ಬರುವುದು ಲೋಫ್ ಕೇಕಿನ ಸಹಜ ಲಕ್ಷಣ, ಅದಕ್ಕಾಗಿ ಕಳವಳ ಬೇಡ.

ಬೆಂದಿದೆಯೇ ಎಂದು ನೋಡಲು ಕಡ್ಡಿ ಚುಚ್ಚುವುದು ಎಲ್ಲರಿಗೂ ಗೊತ್ತು. ಆದರೆ ಈ ಕೇಕಿನಲ್ಲಿ ಕಡ್ಡಿ ಮೋಸ ಮಾಡುತ್ತದೆ. ಖರ್ಜೂರದ ತುಂಡಿನ ಮೂಲಕ ಹಾದುಹೋದರೆ ಕೇಕು ಬೆಂದಿದ್ದರೂ ಅಂಟಿಕೊಂಡು ಬರುತ್ತದೆ. ಅದನ್ನು ನಂಬಿ ಇನ್ನೂ ಕಾಲು ಗಂಟೆ ಬೇಯಿಸಿದವರು ಒಣಕಲು ಕೇಕನ್ನು ತಿನ್ನಬೇಕಾಗುತ್ತದೆ. ಕಡ್ಡಿಗೆ ಹತ್ತಿದ್ದನ್ನು ಬೆರಳಲ್ಲಿ ಉಜ್ಜಿ ನೋಡಿ: ಕಂದು ಬಣ್ಣದ ಜಾಮಿನಂತಿದ್ದರೆ ಅದು ಖರ್ಜೂರ, ಬಿಳಿಚಿದ ಹಸಿ ಹಿಟ್ಟಾದರೆ ಕೇಕು ಇನ್ನೂ ಬೇಯಬೇಕು. ನಡುಭಾಗದ ಎರಡು ಮೂರು ಕಡೆ ಚುಚ್ಚಿ ನೋಡುವುದು ಒಳ್ಳೆಯದು. ಜೊತೆಗೆ, ನಡುವೆ ಬೆರಳಿನಿಂದ ಮೆಲ್ಲನೆ ಒತ್ತಿದರೆ ಹಳ್ಳ ಉಳಿಯದೆ ಮೇಲೇಳಬೇಕು, ಅಂಚು ಟಿನ್ನಿನ ಬದಿಯಿಂದ ಕೊಂಚ ಬಿಟ್ಟುಕೊಂಡಿರಬೇಕು.

ಹಂತ 6: ಆರಿಸುವುದು ಮತ್ತು ಒಂದು ದಿನ ಬಿಡುವುದು

ಹೊರತೆಗೆದ ಟಿನ್ನನ್ನು ಕಾಲು ಗಂಟೆ ಹಾಗೆಯೇ ಬಿಡಿ. ಬಿಸಿ ಕೇಕು ಬಲು ದುರ್ಬಲ, ಕೂಡಲೇ ಎತ್ತಿದರೆ ನಡುವೆ ಮುರಿಯುತ್ತದೆ. ಆಮೇಲೆ ಕಾಗದದ ಅಂಚು ಹಿಡಿದು ಎತ್ತಿ ತಂತಿ ಜಾಲರಿಯ ಮೇಲಿಡಿ. ಟಿನ್ನಿನಲ್ಲೇ ಪೂರ್ತಿ ಆರಲು ಬಿಟ್ಟರೆ ಹಬೆ ತಳದಲ್ಲಿ ನೀರಾಗಿ, ಚೆನ್ನಾಗಿ ಬೆಂದ ಕೇಕಿನಲ್ಲಿಯೂ ಆ ಹಸಿ ಪಟ್ಟಿ ಕಾಣಿಸುತ್ತದೆ.

ಪೂರ್ತಿ ತಣ್ಣಗಾದ ಮೇಲೆ ಬೇಕಿಂಗ್ ಕಾಗದದಲ್ಲಿ ಸುತ್ತಿ, ಡಬ್ಬಿಯಲ್ಲಿಟ್ಟು ಮುಚ್ಚಿ, ಮರುದಿನ ಕತ್ತರಿಸಿ. ಇದನ್ನು ಪಾಲಿಸುವವರು ಕಡಿಮೆ ಎಂಬುದು ನನಗೆ ಬೇಸರದ ಸಂಗತಿ, ಏಕೆಂದರೆ ಈ ಕೇಕಿನ ನಿಜವಾದ ರುಚಿ ಎರಡನೆಯ ದಿನದ್ದು. ಖರ್ಜೂರದ ಸಕ್ಕರೆ ತೇವವನ್ನು ಹಿಡಿದಿಟ್ಟು ನಿಧಾನವಾಗಿ ಸುತ್ತಲಿನ ಭಾಗಕ್ಕೆ ಹಂಚುತ್ತದೆ, ಮೊದಲ ದಿನ ಗರಿಗರಿಯಾಗಿದ್ದ ಮೇಲಿನ ಪದರ ಮೆತ್ತಗಾಗಿ ತುಸು ಅಂಟು ಬರುತ್ತದೆ, ದಾಲ್ಚಿನ್ನಿಯ ಖಾರ ಇಳಿದು ಪರಿಮಳ ಉಳಿಯುತ್ತದೆ. ಹಲ್ಲಿರುವ ಬ್ರೆಡ್ ಚಾಕುವಿನಿಂದ, ಒತ್ತದೆ ಗರಗಸದಂತೆ ಎಳೆಯುತ್ತ, ಒಂದು ಬೆರಳು ದಪ್ಪದ ಹೋಳು ಮಾಡಿ. ಮೇಲೆ ಉಪ್ಪಿನ ಬೆಣ್ಣೆಯನ್ನು ತೆಳುವಾಗಿ ಸವರಿ, ಕಡು ಬಣ್ಣದ ಚಹಾದೊಂದಿಗೆ ಕೊಡಿ.

ಮೊಟ್ಟೆ ತಿನ್ನದವರಿಗೆ, ಓವನ್ ಇಲ್ಲದವರಿಗೆ

ಸಾಂಪ್ರದಾಯಿಕ ಕ್ರಮದಲ್ಲಿ ಮೊಟ್ಟೆ ಇದೆ. ಬೇಡವಾದವರು ಎರಡು ಮೊಟ್ಟೆಯ ಬದಲು ಹುಳಿಯಿಲ್ಲದ ಗಟ್ಟಿ ಮೊಸರು 100 ಗ್ರಾಂ ಹಾಕಬಹುದು. ಮೊಸರಿನ ಆಮ್ಲ ಸೋಡಾದೊಡನೆ ಸೇರಿ ಕೇಕನ್ನು ಎಬ್ಬಿಸುತ್ತದೆ. ಆಗ ಕೇಕು ತುಸು ಒತ್ತಾಗಿರುತ್ತದೆ, ಬೇಯಲು ಐದು ನಿಮಿಷ ಹೆಚ್ಚು ಬೇಕಾಗಬಹುದು, ಮತ್ತು ಮಿಶ್ರಣವನ್ನು ಕಲಸಿದ ಕೂಡಲೇ ಓವನ್ನಿಗೆ ಇಡುವುದು ಇನ್ನೂ ಮುಖ್ಯವಾಗುತ್ತದೆ.

ಓವನ್ ಇಲ್ಲದವರು ದಪ್ಪ ತಳದ ಪಾತ್ರೆಯಲ್ಲಿ ಉಪ್ಪು ಹಾಸಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬಹುದು. ಆದರೆ ಲೋಫ್ ಟಿನ್ ಅದಕ್ಕೆ ಹೊಂದುವುದಿಲ್ಲ. ಎಲ್ಲ ಅಳತೆಯನ್ನೂ ಅರ್ಧ ಮಾಡಿಕೊಂಡು 15 ಸೆಂ.ಮೀ. ಅಗಲದ ದುಂಡು ಟಿನ್ ಬಳಸಿ, 40 ನಿಮಿಷದ ನಂತರ ನೋಡಿ. ಮೇಲಿನ ಕಂದು ಪದರ ಓವನ್ನಿನಲ್ಲಿ ಬಂದಷ್ಟು ಚೆನ್ನಾಗಿ ಬರುವುದಿಲ್ಲ ಎಂಬುದನ್ನು ಒಪ್ಪಿಕೊಂಡೇ ಮಾಡಬೇಕು.

ಇಡುವ ಕ್ರಮ

ಗಾಳಿಯಾಡದ ಡಬ್ಬಿಯಲ್ಲಿ, ತಂಪು ಹವೆಯಲ್ಲಿ ನಾಲ್ಕೈದು ದಿನ ಇರುತ್ತದೆ. ಕರಾವಳಿಯ ತೇವದಲ್ಲಿ, ಅದರಲ್ಲೂ ಮಳೆಗಾಲದಲ್ಲಿ, ಎರಡು ದಿನ ಕಳೆದ ಮೇಲೆ ಫ್ರಿಜ್ಜಿಗೆ ಸೇರಿಸಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಫ್ರಿಜ್ಜಿನಿಂದ ತೆಗೆದ ಹೋಳು ಗಟ್ಟಿಯಾಗಿರುವುದರಿಂದ ಅರ್ಧ ಗಂಟೆ ಹೊರಗಿಟ್ಟು, ಇಲ್ಲವೇ ಕಾವಲಿಯ ಮೇಲೆ ಸಣ್ಣ ಉರಿಯಲ್ಲಿ ಎರಡೂ ಬದಿ ಬೆಚ್ಚಗೆ ಮಾಡಿ ತಿನ್ನಿ. ಹೆಚ್ಚು ದಿನಕ್ಕೆ ಬೇಕಾದರೆ ಹೋಳುಗಳ ನಡುವೆ ಕಾಗದವಿಟ್ಟು ಫ್ರೀಜರಿನಲ್ಲಿ ಇಟ್ಟರೆ ಎರಡು ತಿಂಗಳು ರುಚಿ ಕೆಡದೆ ಇರುತ್ತದೆ, ಮತ್ತು ಬೇಕಾದಾಗ ಬೇಕಾದಷ್ಟೇ ಹೋಳುಗಳನ್ನು ಹೊರತೆಗೆಯಬಹುದು.